ರೋಹಾದಿಂದ ಎಣಿಸಿದ ಕಲ್ಲು

ಬೋರ್ಡಿಗೆ ಹೊಸ ಬಣ್ಣ ಬಿದ್ದ ದಿನ
ಮಿರ್ಜಾನ್ ಸ್ಟೇಷನ್ನಿನ ಬೆಂಚಿನ ಮೇಲೆ
ಪಿಗ್ಮಿ ಚೀಲ ತೊಡೆಗಿಟ್ಟು ಕೂತಿದ್ದೆ.
ಪೇಂಟರ್ ಹುಡುಗ ಮೂರು ಸಲ ಉಜ್ಜಿದ.
ಊರಿನ ಹೆಸರು ಉಳಿಯಿತು,
ಕಂಪನಿಯ ಹೆಸರು ಹೋಯಿತು.
ವಿಲೀನವಂತೆ.
ಪೇಪರಿನಲ್ಲಿ ಆರು ಸಾಲು, ಚಿನ್ನದ ದರದ ಪಕ್ಕ.

ಬೇಸರ ಮಾಡಿಕೊಳ್ಳಲು ನಾನ್ಯಾರು?
ರೈಲ್ವೆಯ ಸಂಬಳ ಉಂಡವನಲ್ಲ,
ಅಂಗಡಿ ಅಂಗಡಿ ತಿರುಗಿ ಹತ್ತು ಇಪ್ಪತ್ತು ಕೂಡಿಸುವವನು.
ಆದರೆ ತಿರುಗುವ ಹೊತ್ತು ಗೊತ್ತುಮಾಡಿದ್ದು ಸೊಸೈಟಿಯಲ್ಲ:
ಪ್ಯಾಸೆಂಜರಿಗೆ ಮೊದಲು ಮೀನುಪೇಟೆ ಮುಗಿಯಬೇಕು,
ಗೂಡ್ಸು ಸೇತುವೆ ಏರುವಾಗ
ದಾಮೋದರ ಶಾನಭಾಗರ ಕಿರಾಣಿಯೆದುರು ನಿಂತು
ರಸೀದಿ ಹರಿಯುತ್ತ ಬೋಗಿ ಎಣಿಸಬೇಕು.
ಒಮ್ಮೆ ಐವತ್ತರ ಬದಲು ಐವತ್ತೆಂಟು ಬರೆದೆ.
ಬೋಗಿ ಐವತ್ತೆಂಟಿದ್ದವು.
ಎಂಟು ರೂಪಾಯಿ ನನ್ನ ಕಿಸೆಯಿಂದ.

ಅವ್ವಿಯ ಗಜನಿ ಗದ್ದೆಯ ನಟ್ಟನಡುವನ್ನೇ ಕೇಳಿದ್ದರು.
ಕಗ್ಗದ ಸಸಿ ಆಗಿನ್ನೂ ಗೇಣುದ್ದ.
ಮಣ್ಣು ಸುರಿದರು, ಸವಳು ನುಂಗಿತು.
ಮತ್ತೆ ಸುರಿದರು.
ಅವ್ವಿ ದಿನಾ ನೋಡಿ ಬಂದು
"ಇವತ್ತೂ ಒಪ್ಪಲಿಲ್ಲ" ಎನ್ನುತ್ತಿದ್ದಳು
ಹೆಣ್ಣು ನೋಡಲು ಬಂದವರ ಸುದ್ದಿ ಹೇಳುವ ಹಾಗೆ.
ಕೊನೆಗೆ ಒಪ್ಪಿತು.
ಹೊಂಗೆಮರವಿದ್ದಲ್ಲಿ ಕಲ್ಲು ನೆಟ್ಟರು,
ಐನೂರೈವತ್ತು ದಾಟಿದ ಸಂಖ್ಯೆ.
ಎಲ್ಲಿಂದ ಎಣಿಸಿದ್ದು?
"ರೋಹಾದಿಂದ" ಎಂದ ಮೇಸ್ತ್ರಿ.
ನಮ್ಮ ಗದ್ದೆಯೂ ಎಲ್ಲಿಂದಲೋ ದೂರದಲ್ಲಿದೆ
ಎಂದು ತಿಳಿದದ್ದು ಆವತ್ತು.

ನೋಟುಬುಕ್ಕು ಏಳಾಗಿವೆ.
ಇಂಜಿನ್ನಿನ ನಂಬರು, ತಡವಾದ ನಿಮಿಷ, ಹಾರ್ನಿನ ಉದ್ದ.
ಲಾರಿಗಳನ್ನು ಹೊತ್ತ ರೈಲಿನ ಮೇಲೆ
ತನ್ನ ಲಾರಿಯೊಳಗೇ ಕೂತು ಅಘನಾಶಿನಿ ದಾಟುತ್ತ
ಸುಮ್ಮನೆ ಸ್ಟಿಯರಿಂಗ್ ತಿರುಗಿಸಿದ ಸರ್ದಾರ್ಜಿ,
ನನ್ನನ್ನು ನಗಿಸಲೆಂದೇ.
ಅದನ್ನೂ ಬರೆದಿದ್ದೇನೆ, ಷರಾ ಕಲಮಿನಲ್ಲಿ.

ಜೂನ್ ಹತ್ತಕ್ಕೆ ನಮ್ಮ ಹಳಿಗೆ ಬೇರೆಯೇ ಪಂಚಾಂಗ.
ರೈಲುಗಳೆಲ್ಲ ಮುದುಕರಾಗಿಬಿಡುವವು.
ರಾತ್ರಿ ಎರಡಕ್ಕೆ ಗುಡ್ಡ ಕಡಿದಲ್ಲಿ ಒಂದು ದೀಪ ನಡೆಯುವುದು:
ಗಸ್ತಿನ ಬೊಮ್ಮಯ್ಯ ಗುನಗ.
ಕಲ್ಲು ಉರುಳುವ ಮೊದಲು ಮಣ್ಣು ಕೆಮ್ಮುತ್ತದೆ ಅನ್ನುವವನು.
ಒಂದು ರಾತ್ರಿ ಆ ಕೆಮ್ಮು ಕೇಳಿ ಕೆಂಪು ಬೀಸಿದ.
ಏನೂ ಉರುಳಲಿಲ್ಲ.
ಇಪ್ಪತ್ತೆರಡು ನಿಮಿಷ ತಡ, ಅವನಿಗೆ ಮೆಮೋ.
ನನ್ನ ಪುಸ್ತಕದಲ್ಲಿ ಮಾತ್ರ
ಕಾರಣ: ಬೊಮ್ಮಯ್ಯನ ಕಿವಿ.

ಆಮೇಲೆ ತಂತಿ ಬಂತು, ಡೀಸೆಲ್ ಹೋಯಿತು.
ಎಂಟರ ಗಾಡಿಯ ಗುಡುಗು ಕೇಳಿ ಗಂಜಿ ಬಸಿಯುತ್ತಿದ್ದ ಅವ್ವಿ
"ಗಾಡಿ ಬರ್ಲಿಲ್ವೇನೋ ತಮಾ?" ಎಂದಳು.
ಬಂದು ಹೋಗಿತ್ತು.
ಅನ್ನ ಮುದ್ದೆಯಾಗಿತ್ತು.

ಮದುವೆಯಿದೆ ಎಂದು ಸುಳ್ಳು ಹೇಳಿ
ಒಮ್ಮೆ ರೋಹಾಕ್ಕೆ ಹೋದೆ, ಸೊನ್ನೆಯ ಕಲ್ಲು ನೋಡಲು.
ಪ್ಲಾಟ್‌ಫಾರಮ್ಮಿನ ಆಚೆ, ಈಚೆ, ಕಳೆಯೊಳಗೆ.
ವಡಾಪಾವಿನವ ನನ್ನನ್ನೇ
ಯಾರೋ ಬಿಟ್ಟುಹೋದ ಸಾಮಾನಿನಂತೆ ನೋಡಿದ.
ಸಿಗಲಿಲ್ಲ.
ಸಿಗದೆ ಮರಳುವಾಗ ದಾರಿಯುದ್ದ
ಆ ಖುಷಿ ಎಂತದ್ದೋ.

ಈಗ ಕಲ್ಲಿನ ಅಂಕೆಗಳನ್ನೂ ಬದಲಿಸುವರಂತೆ,
ದೊಡ್ಡ ಲೆಕ್ಕಕ್ಕೆ ಕೂಡಿಸಲು.
ಖಚಿತ ಯಾರಿಗೂ ಗೊತ್ತಿಲ್ಲ.
ಬಳಚಿನ ಬುಟ್ಟಿ ಇಳಿಸಿ ಸುಕ್ರಿ ಅಂಬಿಗ ಕೇಳಿದಳು:
"ಹೆಸರು ಅಳಿಸಿದ್ರೆ ಟಿಕೀಟು ಕಮ್ಮಿ ಆಗ್ತದ್ಯಾ?"
ಇಲ್ಲ.
"ಬುಟ್ಟಿಗೆ ಜಾಗ ಜಾಸ್ತಿ?"
ಗೊತ್ತಿಲ್ಲ.
"ಮತ್ತೆ ನಿಂಗೆ ಎಂತದು ಸೂತಕ?"
ಅಷ್ಟರಲ್ಲಿ ಗಾಡಿ ಬಂತು. ಬುಟ್ಟಿಗೆ ಕೈ ಹಚ್ಚಿದೆ.
ಅಂಗಿ ತೋಳಿಗೆ ಉಪ್ಪುನೀರು.

ಸಂಜೆ ಬೇಲಿಯ ಈಚೆ ನಿಂತು ಕಲ್ಲು ನೋಡಿದೆ.
ಉಬ್ಬರದ ಹೊತ್ತು.
ಹಳಿಯಡಿಯ ಮೋರಿಯೊಳಗಿಂದ ನೀರು
ಗದ್ದೆಯ ಈ ತುಂಡಿನಿಂದ ಆ ತುಂಡಿಗೆ ಹೋಗುತ್ತಿತ್ತು,
ಸದ್ದಿಲ್ಲದೆ, ಕಸಕಡ್ಡಿ ಸಮೇತ.

ಎಂಟನೆಯ ನೋಟುಬುಕ್ಕು ತೆರೆದೆ.
ದಿನಾಂಕ ಬರೆದೆ, ಊರು ಬರೆದೆ,
ಯಾವ ರೈಲ್ವೆ ಎಂಬಲ್ಲಿ ಜಾಗ ಬಿಟ್ಟೆ.
ಬಂದ ಗಾಡಿ ನಾಲ್ಕು ನಿಮಿಷ ತಡ.
ಬರೆದೆ.